ಜಯಮಂಗಲಿ, ಶಿಂಷಾ ನಡುವಿನ ಕಾಲುದಾರಿ

ದೇವರಾಯನದುರ್ಗದ ಬೆಟ್ಟಸಾಲಿನ ಮೇಲೆ ಬೀಳುವ ಮಳೆ ಎರಡು ಪಾಲಾಗುತ್ತದೆ. ಉತ್ತರದ ಇಳಿಜಾರು ಹಿಡಿದ ನೀರು ಜಯಮಂಗಲಿಯಾಗಿ ಕೊರಟಗೆರೆ, ಮಧುಗಿರಿ ಸೀಮೆಗಳನ್ನು ಹಾದು ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಕೂಡಿಕೊಳ್ಳುತ್ತದೆ. ದಕ್ಷಿಣಕ್ಕೆ ಇಳಿದದ್ದು ಶಿಂಷಾ ಎನಿಸಿಕೊಂಡು, ಮಾರ್ಕೋನಹಳ್ಳಿ ಜಲಾಶಯವನ್ನು ತುಂಬಿ, ಮದ್ದೂರು ದಾಟಿ, ಸುಮಾರು 221 ಕಿಲೋಮೀಟರ್ ಹರಿದು ಕಾವೇರಿಯ ಪಾಲಾಗುತ್ತದೆ. ತುಮಕೂರು ನಗರದಿಂದ ಸುಮಾರು 15 ಕಿಲೋಮೀಟರ್ ದೂರದ ಈ ಬೆಟ್ಟದಲ್ಲಿ ಮಳೆಗಾಲ ಬಿಟ್ಟರೆ ಹರಿಯುವ ನೀರು ಕಾಣುವುದೇ ಅಪರೂಪ. ಆದರೂ ಎರಡು ಕಣಿವೆಗಳ ಊರುಗಳ ಕೆರೆ, ಬಾವಿ, ಕೊಳವೆಬಾವಿಗಳ ಲೆಕ್ಕ ಇಲ್ಲಿಂದಲೇ ಶುರುವಾಗುತ್ತದೆ.

ಬೆಟ್ಟದ ಮೇಲಕ್ಕೆ ಟಾರು ರಸ್ತೆ ಇದೆ, ವಾಹನಗಳು ಹೋಗುತ್ತವೆ. ನಾನು ಬರೆಯಹೊರಟಿರುವುದು ಕಾಡಂಚಿನ ಊರುಗಳಿಂದ ಹೊರಟು, ಕುರುಚಲು ಗಿಡಗಳ ನಡುವೆ ಸುತ್ತಿ ಬಳಸಿ, ಹಾಸುಬಂಡೆಗಳನ್ನು ದಾಟಿ ನರಸಿಂಹಸ್ವಾಮಿಯ ಸನ್ನಿಧಿಯತ್ತ ಏರುವ ಹಳೆಯ ಕಾಲುದಾರಿಗಳ ವಿಷಯ. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಜಾತ್ರೆಗೆ ಬುತ್ತಿ ಕಟ್ಟಿಕೊಂಡು ಬರುತ್ತಿದ್ದ ಒಕ್ಕಲುಗಳು, ಮೇಕೆ ಹೊಡೆದುಕೊಂಡು ಹೋಗುವವರು, ಸೌದೆಗೆ ಹೋಗುವ ಹೆಂಗಸರು ನಡೆದು ನಡೆದು ಮಾಡಿದ ದಾರಿಗಳು ಅವು. ಬಸ್ಸು ಬಂದ ಮೇಲೆ ಹಲವು ಮುಚ್ಚಿಹೋದವು. ಉಳಿದವುಗಳಲ್ಲಿ ಒಂದನ್ನು ಅರಣ್ಯ ಇಲಾಖೆಯ ಅನುಮತಿ ಪಡೆದು, ಊರಿನವರ ಜೊತೆ ಸೇರಿ ದುರಸ್ತಿ ಮಾಡುವ ಕೆಲಸದಲ್ಲಿ ತುಮಕೂರಿನ ನಾವು ಕೆಲವರು ತೊಡಗಿದ್ದೇವೆ. ಆ ದಾರಿ ಯಾವ ಊರಿನಿಂದ ಹೊರಡುತ್ತದೆ ಎಂಬುದನ್ನು ಬೇಕೆಂದೇ ಬರೆಯುತ್ತಿಲ್ಲ. ಮೊಬೈಲ್ ನಕ್ಷೆಯಲ್ಲಿ ಒಂದು ಗುರುತು ಬಿದ್ದರೆ ಮುಂದಿನ ಭಾನುವಾರಕ್ಕೆ ಏನಾಗುತ್ತದೆ ಎಂಬುದು ಬೆಂಗಳೂರಿಗೆ ಇಷ್ಟು ಹತ್ತಿರವಿರುವ ನಮಗೆ ಚೆನ್ನಾಗಿ ಗೊತ್ತು.

ಈ ಕೆಲಸದಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇಷ್ಟು: ಬೆಟ್ಟದಲ್ಲಿ ನಡೆಯಲು ಒಂದೇ ದಾರಿ ಇರಬೇಕು, ಅದು ಕಿರಿದಾಗಿರಬೇಕು, ಅದರ ಯಜಮಾನಿಕೆ ಸುತ್ತಲ ಊರಿನವರ ಕೈಯಲ್ಲಿರಬೇಕು. ದಾರಿಯೇ ಬೇಡ, ಜನರೇ ಬೇಡ ಎನ್ನುವ ಗೆಳೆಯರಿದ್ದಾರೆ. ಅವರ ಕಳಕಳಿಯನ್ನು ಗೌರವಿಸುತ್ತೇನೆ, ಆದರೆ ಒಪ್ಪುವುದಿಲ್ಲ. ನಗರದ ಪಕ್ಕದ ಬೆಟ್ಟಕ್ಕೆ ಜನ ಬಂದೇ ಬರುತ್ತಾರೆ. ಒಂದು ಒಳ್ಳೆಯ ದಾರಿ ಇಲ್ಲದಿದ್ದರೆ ಅವರೇ ನೂರು ದಾರಿ ಮಾಡಿಕೊಳ್ಳುತ್ತಾರೆ.

ನೂರು ದಾರಿಯಾದರೆ ಏನು ಹೋಗುತ್ತದೆ ಎಂದು ತಿಳಿಯಬೇಕಾದರೆ ಈ ಕಾಡನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಲೆನಾಡು ಕಂಡವರಿಗೆ ಇದು ಕಾಡೆಂದು ಅನ್ನಿಸುವುದೇ ಇಲ್ಲ. ಜಾಲಿ, ಕಗ್ಗಲಿ, ಕಾರೆ, ಕವಳೆ, ತಂಗಡಿ, ಅಲ್ಲಲ್ಲಿ ದಿಂಡಿಗ, ಕಕ್ಕೆ, ಈಚಲು. ನಡುವೆ ಸೊಂಟದುದ್ದದ ಬಾದೆಹುಲ್ಲು. ಬೇಸಿಗೆಯಲ್ಲಿ ಎಲ್ಲವೂ ಕಂದು. ಜೂನ್ ತಿಂಗಳ ಎರಡು ಹದ ಮಳೆ ಬಿದ್ದರೆ ಮಾತ್ರ ಇದೇ ಬೆಟ್ಟವೇ ಎಂದು ಕೇಳುವಷ್ಟು ಹಸಿರು. ನೆಲದಡಿಯ ಕಲ್ಲು ರಾಮನಗರದಿಂದ ಮಧುಗಿರಿ, ಪಾವಗಡದ ಕಡೆಗೆ ಹಬ್ಬಿರುವ ಗ್ರಾನೈಟ್ ಪಟ್ಟಿಯದು. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಕ್ಲೋಸ್‌ಪೇಟೆ ಎಂಬ ಹೆಸರಿನಿಂದಲೇ ಭೂವಿಜ್ಞಾನಿಗಳು ಅದನ್ನು ಇಂದಿಗೂ ಕರೆಯುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಬಿಸಿಲಿಗೆ ಕಾದು, ಇರುಳಿಗೆ ತಣಿದು, ರೊಟ್ಟಿ ಉಬ್ಬಿದಂತೆ ಬಂಡೆಯ ಮೇಲ್ಪದರ ಎದ್ದು ಒಡೆಯುತ್ತದೆ. ಒಡೆದ ಚೂರು ಗರಸಾಗಿ, ಗರಸು ಮಣ್ಣಾಗಿ ಬಂಡೆಯ ತಗ್ಗುಗಳಲ್ಲಿ ನಿಲ್ಲುತ್ತದೆ. ಹಲವೆಡೆ ಆ ಮಣ್ಣಿನ ಆಳ ಒಂದು ಗೇಣೂ ಇರುವುದಿಲ್ಲ.

ಆ ಗೇಣು ಮಣ್ಣಿನಲ್ಲಿ ನಡೆಯುವ ಬದುಕು ನೋಡುವಂಥದ್ದು. ಮಳೆ ಬಿದ್ದ ಕೆಲವೇ ದಿನಗಳಲ್ಲಿ ಒಣಗಿ ಕಪ್ಪಾಗಿದ್ದ ಹಾವಸೆ ಹಸಿರಾಗುತ್ತದೆ, ಅದರ ಮೇಲೆ ಬೆರಳುದ್ದದ ಹುಲ್ಲು, ಸಾಸಿವೆ ಕಾಳಿನಷ್ಟು ಹೂ ಬಿಡುವ ಗಿಡಗಳು. ಜೌಗು ನಿಂತಲ್ಲಿ ಅಂಟುರಸದಿಂದ ಸಣ್ಣ ಹುಳು ಹಿಡಿಯುವ ಸಸ್ಯಗಳೂ ಇಂಥ ಬಂಡೆಗಳ ಮೇಲೆ ಬೆಳೆಯುತ್ತವೆ. ಮಳೆ ನಿಂತು ಬಿಸಿಲು ಏರಿದರೆ ಎಲ್ಲವೂ ಬೀಜವಾಗಿ ಮಣ್ಣಿಗೆ ಸೇರಿ ಮುಂದಿನ ವರ್ಷಕ್ಕೆ ಕಾಯುತ್ತವೆ. ಹಾಸುಬಂಡೆಯ ಮೇಲೆ ಗುಂಪಾಗಿ ಕುಳಿತು ಫೋಟೋ ತೆಗೆಸಿಕೊಳ್ಳುವವರು ಬರಿಯ ಕಲ್ಲಿನ ಮೇಲೆ ಕುಳಿತಿದ್ದೇವೆಂದೇ ತಿಳಿದಿರುತ್ತಾರೆ. ಬೂಟುಗಾಲಿನಲ್ಲಿ ಒಂದು ಋತುವಿಡೀ ತುಳಿದ ತಗ್ಗು ಮತ್ತೆ ಮಣ್ಣು ಕೂಡಿಸಿಕೊಳ್ಳಲು ಎಷ್ಟು ಕಾಲ ಬೇಕು ಎಂಬುದನ್ನು ಯೋಚಿಸಿದರೆ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ.

ಬಂಡೆ ಮತ್ತು ಕುರುಚಲು ಎರಡೂ ಸೇರುವ ಅಂಚಿನಲ್ಲಿ ಹಳದಿ ಕೊರಳಿನ ಪಿಕಳಾರ ಇರುತ್ತದೆ. ಮನೆಯಂಗಳದ ಪಿಕಳಾರದ ಹಾಗೆ ಧೈರ್ಯದ ಹಕ್ಕಿಯಲ್ಲ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ, ಅಳಿವಿನ ಅಪಾಯದ ಪಟ್ಟಿಯಲ್ಲಿರುವ ಹಕ್ಕಿ. ನಂದಿಬೆಟ್ಟದಲ್ಲೂ ಇದೆ, ನಮ್ಮಲ್ಲೂ ಇದೆ. ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆಂದು 1930ರ ದಶಕದ ಕೊನೆಯಲ್ಲಿ ಬಂದಿದ್ದ ಸಲೀಂ ಅಲಿ ಈ ಬೆಟ್ಟದ ಬುಡದ ನಾಮದ ಚಿಲುಮೆಯಲ್ಲಿ ತಂಗಿದ್ದರು. ಶ್ರೀರಾಮನು ಹಣೆಗೆ ನಾಮ ಇಟ್ಟುಕೊಳ್ಳಲು ಬಾಣ ಬಿಟ್ಟು ನೀರು ಚಿಮ್ಮಿಸಿದ ಎಂದು ಹಿರಿಯರು ಹೇಳುವ ಆ ಚಿಲುಮೆಗೆ ಹೋಗದ ತುಮಕೂರಿನ ಶಾಲೆಯ ಮಕ್ಕಳೇ ಇರಲಾರರು. ಆದರೆ ಅಲ್ಲಿಂದ ಕೂಗಳತೆಯಲ್ಲಿರುವ ಕುರುಚಲಿನಲ್ಲಿ ಕಾಡುಪಾಪ ಇರುಳಿನಲ್ಲಿ ಹುಳು ಹುಡುಕುತ್ತದೆ, ಬಂಡೆಯ ಸಂದಿನಲ್ಲಿ ಕರಡಿ ಹಗಲು ಕಳೆಯುತ್ತದೆ, ಚಿರತೆ ಓಡಾಡುತ್ತದೆ ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೇವೆ?

ಇಂಥ ಕಾಡನ್ನು ಖಾಲಿ ಜಾಗ ಎಂದು ಎಣಿಸಿ, ವರ್ಷಕ್ಕೊಮ್ಮೆ ಗುಂಡಿ ತೋಡಿ ಸಸಿ ನೆಡಲು ಬರುವ ಸಂಸ್ಥೆಗಳು, ಕಾಲೇಜುಗಳು ಬಹಳ. ನೆಡುವವರ ಮನಸ್ಸು ಒಳ್ಳೆಯದು. ಸಾಲುಮರದ ತಿಮ್ಮಕ್ಕ ನಮ್ಮ ಗುಬ್ಬಿ ತಾಲ್ಲೂಕಿನಲ್ಲೇ ಹುಟ್ಟಿದವರು. ಮರ ನೆಡುವುದು ಪುಣ್ಯದ ಕೆಲಸ ಎಂಬುದು ಈ ನೆಲದಲ್ಲಿ ಆಳವಾಗಿ ಇಳಿದಿದೆ. ಆದರೆ ತಿಮ್ಮಕ್ಕ ಆಲದ ಸಸಿ ನೆಟ್ಟಿದ್ದು ನೆರಳಿಲ್ಲದ ರಸ್ತೆಯ ಬದಿಯಲ್ಲಿ. ಪಿಕಳಾರದ ಮನೆಯಾದ ಕುರುಚಲನ್ನು ಅಗೆದು ಸಸಿ ಇಡುವುದು ಬೇರೆ ಮಾತು. ನೆಡಲೇಬೇಕೆಂದು ಬಂದವರಿಗೆ ನಾವು ಊರಿನ ಕೆರೆಯ ಏರಿ, ಶಾಲೆಯ ಆವರಣ ತೋರಿಸುತ್ತೇವೆ.

ಈಗ ದಾರಿಯ ಕೆಲಸಕ್ಕೆ ಬರುತ್ತೇನೆ. ನಾನು ಶಾಲೆಯಲ್ಲಿ ಪಾಠ ಹೇಳುವವಳು, ಹಾರೆ ಹಿಡಿದು ಬೆಳೆದವಳಲ್ಲ. ಗುಡ್ಡದ ದಾರಿಯಲ್ಲಿ ನೀರೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂದು ತೋರಿಸಿಕೊಟ್ಟವರು ಊರಿನ ಕಲ್ಲು ಕೆಲಸದವರು ಮತ್ತು ದಿನವೂ ಮೇಕೆ ಹೊಡೆದುಕೊಂಡು ಬರುವ ಒಬ್ಬ ಅಜ್ಜಿ. ಇಳಿಜಾರಿಗೆ ನೇರವಾಗಿ ಇಳಿಯುವ ಅಡ್ಡದಾರಿಯೊಂದು ಒಮ್ಮೆ ಬಿತ್ತೆಂದರೆ, ಮೊದಲ ಜೋರು ಮಳೆಗೆ ನೀರು ಅದೇ ಜಾಡು ಹಿಡಿಯುತ್ತದೆ. ಹಿಡಿದ ನೀರಿಗೆ ವೇಗ ಬರುತ್ತದೆ, ವೇಗ ಬಂದ ನೀರು ಗರಸನ್ನು ಎತ್ತಿಕೊಂಡು ಹೋಗುತ್ತದೆ. ಮರುವರ್ಷ ಅಲ್ಲಿ ಮೊಣಕಾಲುದ್ದದ ಕೊರಕಲು. ಕೊರಕಲಿನಲ್ಲಿ ಕಾಲಿಡಲು ಕಷ್ಟವೆಂದು ನಡೆಯುವವರು ಅದರ ಪಕ್ಕದಲ್ಲಿ ಇಳಿಯುತ್ತಾರೆ. ಅಲ್ಲಿ ಇನ್ನೊಂದು ಕೊರಕಲು. ಹೀಗೆ ಒಂದೇ ತಿರುವಿನಲ್ಲಿ ನಾಲ್ಕಾರು ಸೀಳುಗಳಾಗಿ, ನಡುವಿನ ಗಿಡದ ಬೇರುಗಳೆಲ್ಲ ಹೊರಬಿದ್ದು ನಿಂತಿರುವುದನ್ನು ನೋಡಲಾಗುವುದಿಲ್ಲ. ಆ ಮಣ್ಣು ಕೆಳಗಿನ ಕೆರೆಯಲ್ಲಿ ಹೂಳಾಗಿ ಕೂರುತ್ತದೆ. ಹೂಳೆತ್ತಲು ಮತ್ತೆ ಪಂಚಾಯಿತಿ ದುಡ್ಡು ಹುಡುಕಬೇಕು.

ಆದ್ದರಿಂದ ದಾರಿ ಸುತ್ತುಬಳಸಾಗಿ ಏರಬೇಕು. ಬೆಟ್ಟದ ಇಳಿಜಾರು ಎಷ್ಟು ಕಡಿದೋ ಅದರ ಅರ್ಧಕ್ಕಿಂತ ಹೆಚ್ಚು ಕಡಿದಾಗಿ ದಾರಿ ಏರಬಾರದು. ದಾರಿಯ ಹೊರ ಅಂಚು ಒಳ ಅಂಚಿಗಿಂತ ತುಸು ತಗ್ಗಾಗಿರಬೇಕು, ಆಗ ಬಿದ್ದ ನೀರು ದಾರಿಯುದ್ದಕ್ಕೂ ಓಡದೆ ಪಕ್ಕಕ್ಕೆ ಸರಿದುಹೋಗುತ್ತದೆ. ಅಷ್ಟಿಷ್ಟು ಅಂತರಕ್ಕೆ ದಾರಿಗೆ ಓರೆಯಾಗಿ ಕಲ್ಲು ಹೂತು, ನೀರನ್ನು ಹುಲ್ಲಿಗೆ ತಿರುಗಿಸಬೇಕು. ಹೂಳುವ ಕಲ್ಲಿನ ಮೂರರಲ್ಲಿ ಎರಡು ಪಾಲು ನೆಲದೊಳಗೇ ಇರಬೇಕು, ಇಲ್ಲದಿದ್ದರೆ ಮೇಕೆಯ ಕಾಲಿಗೇ ಉರುಳುತ್ತದೆ. ಕಲ್ಲು ಕೂರಿಸುವ ಹಿರಿಯರೊಬ್ಬರು ಹಾರೆಯ ತುದಿಯಿಂದ ಕಲ್ಲನ್ನು ತಟ್ಟಿ, ಬರುವ ಸದ್ದಿನಿಂದಲೇ ಅಡಿಯಲ್ಲಿ ಪೊಳ್ಳಿದೆಯೇ ಎಂದು ಹೇಳುತ್ತಾರೆ. ಸಿಮೆಂಟು ಒಂದು ಹಿಡಿಯೂ ಬೇಕಿಲ್ಲ. ಮುಚ್ಚಬೇಕಾದ ಅಡ್ಡದಾರಿಗಳಿಗೆ ಕಾರೆ ಮುಳ್ಳು, ಜಾಲಿ ಮುಳ್ಳು ಅಡ್ಡ ಹಾಕುತ್ತೇವೆ. ಮುಳ್ಳಿನ ಮರೆಯಲ್ಲಿ ಒಂದೇ ಮಳೆಗಾಲಕ್ಕೆ ಹುಲ್ಲು ತಲೆ ಎತ್ತುತ್ತದೆ.

ಬೆಟ್ಟದ ಏಣಿನ ಮೇಲೆ ದಾರಿ ಸಾಗುವ ಒಂದು ಕಡೆ ಈ ಓರೆಗಲ್ಲುಗಳನ್ನು ಯಾವ ಬದಿಗೆ ತಿರುಗಿಸಬೇಕು ಎಂಬ ಚರ್ಚೆ ಬಂತು. ಎಡಕ್ಕೆ ತಿರುಗಿಸಿದರೆ ನೀರು ಜಯಮಂಗಲಿಯ ಕಡೆಗೆ, ಬಲಕ್ಕೆ ತಿರುಗಿಸಿದರೆ ಶಿಂಷಾ ಕಡೆಗೆ. ಯಾವ ಬದಿಯಲ್ಲಿ ಹುಲ್ಲು ದಟ್ಟವಾಗಿದೆಯೋ ಅತ್ತ ತಿರುಗಿಸುವುದೆಂದು ತೀರ್ಮಾನವಾಯಿತು. ಆಗ ಅಜ್ಜಿ ಹೇಳಿದ ಮಾತು ನನಗೆ ಬಹಳ ಹಿಡಿಸಿತು. "ಟೀಚರಮ್ಮ, ಆ ಕಡೆ ಬಂಡೆ ಸಂದಿನಲ್ಲಿ ಒಂದು ದೊಣೆ ಇದೆ. ಸಂಕ್ರಾಂತಿಯವರೆಗೆ ನನ್ನ ಮೇಕೆಗಳು ಅದರಲ್ಲೇ ನೀರು ಕುಡಿಯುತ್ತವೆ, ರಾತ್ರಿ ಕರಡಿಯೂ ಬರುತ್ತದೆ. ದಾರಿಯ ಕೆಸರು ನೀರು ಅದಕ್ಕೆ ಬೀಳದ ಹಾಗೆ ನೋಡಿ." ದೊಣೆ ಎಲ್ಲಿದೆ ಎಂದು ನಮ್ಮಲ್ಲಿ ಯಾರೂ ಕಂಡಿರಲಿಲ್ಲ, ಯಾವ ನಕ್ಷೆಯಲ್ಲೂ ಅದು ಇಲ್ಲ. ಎರಡು ಕಲ್ಲುಗಳ ದಿಕ್ಕು ಬದಲಾಯಿತು.

ಊರಿನವರ ಕೈಯಲ್ಲಿ ಯಜಮಾನಿಕೆ ಇರಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ. ಕಾನೂನು ಇದಕ್ಕೆ ಪೂರ್ತಿ ವಿರುದ್ಧವಾಗಿಯೂ ಇಲ್ಲ. ಒಂದು ನೆಲವನ್ನು ಅರಣ್ಯವೆಂದು ಘೋಷಿಸುವಾಗ ಓಡಾಟದ ಹಕ್ಕು, ಮೇವಿನ ಹಕ್ಕು, ನೀರಿನ ಹಕ್ಕುಗಳನ್ನು ವಿಚಾರಣೆ ಮಾಡಿ ದಾಖಲಿಸುವ ಪದ್ಧತಿ ಅರಣ್ಯ ಕಾಯ್ದೆಯಲ್ಲೇ ಇದೆ. ಕರ್ನಾಟಕದಲ್ಲಿ 1993ರಲ್ಲಿ ಜಂಟಿ ಅರಣ್ಯ ಯೋಜನೆಯ ಆದೇಶ ಬಂದು ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ಕೆಲವು ಊರುಗಳಲ್ಲಿ ಅವು ಜೀವಂತವಾಗಿವೆ, ಹಲವೆಡೆ ಕಾಗದದಲ್ಲಿವೆ. ಇನ್ನೊಂದು ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಇದೇ ಜಯಮಂಗಲಿಯ ಹೆಸರು ಹೊತ್ತ ಕೃಷ್ಣಮೃಗ ಸಂರಕ್ಷಣಾ ಮೀಸಲು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿದೆ. ಸುಮಾರು 323 ಹೆಕ್ಟೇರ್ ಹುಲ್ಲುಗಾವಲು, ಘೋಷಣೆಯಾದದ್ದು 2007ರಲ್ಲಿ. ಸಂರಕ್ಷಣಾ ಮೀಸಲು ಎಂಬ ವರ್ಗವನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಸೇರಿಸಿದ್ದು 2002ರ ತಿದ್ದುಪಡಿ. ಅದರ ಪ್ರಕಾರ ಇಂಥ ಮೀಸಲು ಘೋಷಿಸುವ ಮೊದಲು ಸ್ಥಳೀಯರ ಜೊತೆ ಸಮಾಲೋಚಿಸಬೇಕು. ಸಲಹೆ ಕೊಡುವ ನಿರ್ವಹಣಾ ಸಮಿತಿಯಲ್ಲಿ ಮೀಸಲು ಹಬ್ಬಿರುವ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ವನ್ಯಜೀವಿಗಳಿಗಾಗಿ ದುಡಿಯುವ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಗಳಿಂದ ಒಬ್ಬೊಬ್ಬರು ಇರಬೇಕು. ಪಶುಸಂಗೋಪನೆಯವರನ್ನು ಸೇರಿಸಿದವರು ಯಾರೋ, ನೆಲ ಬಲ್ಲವರು. ಬಯಲುಸೀಮೆಯಲ್ಲಿ ಮೇಯುವ ಜಾನುವಾರುಗಳ ಮಾತನ್ನು ಬಿಟ್ಟು ಕಾಡಿನ ಮಾತು ಆಡಲಾಗುವುದಿಲ್ಲ.

ದೇವರಾಯನದುರ್ಗ ಆ ವರ್ಗಕ್ಕೆ ಸೇರಿಲ್ಲ, ಇದು ರಾಜ್ಯ ಅರಣ್ಯ. ಆದರೂ ದಾರಿಯೊಂದರ ಮಟ್ಟಿಗೆ ಅದೇ ಬಗೆಯ ಸಮಿತಿ ಏಕೆ ಆಗಬಾರದು? ಮೇಕೆ ಸಾಕುವವರು, ದೇವಸ್ಥಾನದವರು, ಪಂಚಾಯಿತಿಯವರು, ಅರಣ್ಯ ಇಲಾಖೆಯ ಗಾರ್ಡ್, ನಡೆಯಲು ಬರುವವರಲ್ಲಿ ಇಬ್ಬರು ಮಳೆಗಾಲದ ಮುಂಚೆ ಒಮ್ಮೆ, ಬೆಂಕಿಗಾಲದ ಮುಂಚೆ ಒಮ್ಮೆ ಸೇರಿ ದಾರಿಯುದ್ದಕ್ಕೂ ನಡೆದರೆ ಸಾಕು. ಕುಳಿತು ಮಾಡುವ ಸಭೆ ಬೇಡ.

2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಒಮ್ಮೆಗೇ ಸೇರಿದ ದೃಶ್ಯವನ್ನು ನಾಡೆಲ್ಲ ನೋಡಿತು. ಅದಾದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಿಗಿ ಮಾಡಿ, ಒಂದು ಚಾರಣ ಪಥಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿ ಹಾಕಿತು. ಚಿಕ್ಕಬಳ್ಳಾಪುರದ ಸ್ಕಂದಗಿರಿಗೆ, ಕೋಲಾರದ ಅಂತರಗಂಗೆಗೆ ಬುಕಿಂಗ್ ಅದಕ್ಕೂ ಮೊದಲೇ ಇತ್ತು. ಮಿತಿ ಬೇಕು, ನಾನು ಮನಸಾರೆ ಬೆಂಬಲಿಸುತ್ತೇನೆ. ಆದರೆ 300 ಜನ ಒಂದು ಗಟ್ಟಿ ದಾರಿಯಲ್ಲಿ ನಡೆದರೆ ಆಗುವ ಹಾನಿಗಿಂತ, 30 ಜನ ತಮಗೆ ತೋಚಿದ ಕಡೆ ಹತ್ತಿದರೆ ಆಗುವ ಹಾನಿ ಹೆಚ್ಚು. ಬುಕಿಂಗ್‌ನಿಂದ ಬಂದ ಹಣದಲ್ಲಿ ಒಂದು ಪಾಲು ಓರೆಗಲ್ಲು ಕೂರಿಸುವ ಕೈಗಳಿಗೆ, ಅದೇ ಊರಿನ ಕೈಗಳಿಗೆ ಕೂಲಿಯಾಗಿ ಸಲ್ಲಬೇಕು. ಗೇಟಿನ ಬಳಿ ಚೀಟಿ ನೋಡುವ ಹುಡುಗನಿಗೆ ಆ ದಾರಿಯ ಪ್ರತಿ ತಿರುವೂ ಗೊತ್ತಿರಬೇಕು.

ಬೆಂಕಿಯ ಮಾತು ಹೇಳದಿದ್ದರೆ ಆಗದು. ಫೆಬ್ರುವರಿ, ಮಾರ್ಚ್‌ನಲ್ಲಿ ಬಾದೆಹುಲ್ಲು ಒಣಗಿ ನಿಂತಾಗ ಒಂದು ಬೀಡಿ ತುಂಡು ಸಾಕು. ಹೊಸ ಹುಲ್ಲು ಚಿಗುರಲಿ ಎಂದು ಬೇಕೆಂದೇ ಹಚ್ಚುವುದೂ ಉಂಟು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬೆಂಕಿ ಹಾದುಹೋದ ಜಾಗಕ್ಕೆ ಲಂಟಾನ ನುಗ್ಗುತ್ತದೆ. ತೋಟದ ಹೂಗಿಡವೆಂದು ಎರಡು ಶತಮಾನಗಳ ಹಿಂದೆ ಈ ದೇಶಕ್ಕೆ ತಂದ ಗಿಡ ಇಂದು ತಂಗಡಿ, ಕವಳೆಗಳ ಜಾಗ ಕಿತ್ತುಕೊಂಡಿದೆ. ಅದರ ಪೊದೆಯೊಳಗೆ ಮೇಕೆ ನುಗ್ಗಲಾರದು, ಹುಲ್ಲು ಬೆಳೆಯಲಾರದು. ಒಣಗಿದ ಲಂಟಾನ ಮುಂದಿನ ಬೆಂಕಿಗೆ ಸೌದೆ. ಇಲ್ಲಿ ಕಾಲುದಾರಿಯಿಂದ ಎರಡು ಉಪಕಾರ ಕಂಡಿದ್ದೇನೆ. ಹುಲ್ಲು ಸವರಿದ ದಾರಿ ಸಣ್ಣ ಬೆಂಕಿಗೆ ಒಂದು ಗೆರೆಯಾಗುತ್ತದೆ, ಇಲಾಖೆಯವರ ಬೆಂಕಿ ರೇಖೆಗೆ ಅದು ಪೂರಕ. ಮತ್ತೆ, ದಿನವೂ ಯಾರಾದರೂ ನಡೆಯುವ ದಾರಿಯಿಂದ ಹೊಗೆ ಬೇಗ ಕಣ್ಣಿಗೆ ಬೀಳುತ್ತದೆ. ಹಿಂದಿನ ಬೇಸಿಗೆಯಲ್ಲಿ ಗಾರ್ಡ್‌ಗೆ ಮೊದಲು ಫೋನ್ ಮಾಡಿದ್ದು ಅಜ್ಜಿಯ ಮೊಮ್ಮಗ. ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿಯಲು ಓಡಿ ಬಂದವರೆಲ್ಲ ದಾರಿಯ ಕೆಲಸಕ್ಕೆ ಬರುವ ಮುಖಗಳೇ.

ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುವುದು ನನಗೆ ಇದರಲ್ಲಿ ತುಂಬಾ ಇಷ್ಟದ ಭಾಗ. ಬಿಸಿಲು ಏರಿದ ಮೇಲೆ ಹೊರಟು, ಸಂಜೆಗೆ ಬಹಳ ಮೊದಲೇ ಇಳಿದುಬಿಡುತ್ತೇವೆ, ಮುಸ್ಸಂಜೆ ಕರಡಿ ಹೊರಡುವ ಹೊತ್ತು. ಮಾತು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಕರಡಿಯ ಕಾಡಿನಲ್ಲಿ ಸಣ್ಣ ದನಿಯಲ್ಲಿ ಮಾತಾಡುತ್ತಾ ಹೋಗುವುದೇ ಕ್ಷೇಮ, ಅಚಾನಕ್ಕಾಗಿ ಎದುರಾದರೆ ಮಾತ್ರ ಅದು ಮೈಮೇಲೆ ಬೀಳುವುದು ಹೆಚ್ಚು. ಬಂಡೆಯ ಮೇಲೆ ಕೆಂಪು-ಕಪ್ಪು ಬಣ್ಣ ತಳೆದು ತಲೆ ಆಡಿಸುವ ಗಂಡು ಓತಿಕ್ಯಾತವನ್ನು ಕಂಡರೆ ಹುಡುಗರಿಗೆ ಎಲ್ಲಿಲ್ಲದ ಹಿಗ್ಗು. ಒಬ್ಬ ಹುಡುಗಿ ಏಣಿನ ಮೇಲೆ ನಿಂತು ತನ್ನ ನೀರಿನ ಬಾಟಲಿಯಿಂದ ಒಂದಿಷ್ಟು ನೀರನ್ನು ಎಡಕ್ಕೆ, ಒಂದಿಷ್ಟನ್ನು ಬಲಕ್ಕೆ ಸುರಿದು, "ಇದು ನಮ್ಮ ಅಜ್ಜಿ ಊರಿಗೆ, ಇದು ನಮ್ಮ ಊರಿಗೆ" ಎಂದಳು. ಅವಳ ಅಜ್ಜಿಯ ಊರು ಕೊರಟಗೆರೆ ಕಡೆಯದು. ನಕ್ಷೆಯ ಮೇಲೆ ಬೆರಳಿಟ್ಟು ನಾನು ಎಷ್ಟು ಸಲ ಹೇಳಿದ್ದರೂ ಈ ಪಾಠ ಇಷ್ಟು ನಾಟುತ್ತಿರಲಿಲ್ಲ.

ಈಗ ನಮ್ಮೊಳಗೆ ಒಂದು ಭಿನ್ನಾಭಿಪ್ರಾಯ ಇದೆ. ದಾರಿ ಚೆನ್ನಾಗಿ ಆಗುತ್ತಿದೆ, ಮೇಲಿನ ಹಾಸುಬಂಡೆಯ ತುದಿಯಲ್ಲಿ ಒಂದು ವೀಕ್ಷಣಾ ಕಟ್ಟೆ, ಕಬ್ಬಿಣದ ಕಂಬಿ, ಕೂರಲು ಕಾಂಕ್ರೀಟ್ ಬೆಂಚು ಹಾಕಿಸಿದರೆ ಮನೆಮಂದಿಯೆಲ್ಲ ಬರಬಹುದು, ಊರಿಗೂ ನಾಲ್ಕು ಕಾಸು ಆಗಬಹುದು ಎಂದು ಕೆಲವರು ಹೇಳುತ್ತಾರೆ. ಊರಿಗೆ ಕಾಸು ಆಗಬೇಕು ಎಂಬುದು ನ್ಯಾಯವೇ. ಆದರೆ ಆ ಬಂಡೆಯ ಅಂಚೇ ಪಿಕಳಾರದ ಜಾಗ. ನಂದಿಬೆಟ್ಟಕ್ಕೆ ರೋಪ್‌ವೇ ಮಾಡಲು 2023ರಲ್ಲಿ ಶಂಕುಸ್ಥಾಪನೆ ಆದಾಗಿನಿಂದ ಪ್ರತಿ ಬೆಟ್ಟಕ್ಕೂ ಏನಾದರೊಂದು ಕಟ್ಟಬೇಕೆಂಬ ಉಮೇದು ನಮ್ಮ ಸುತ್ತಲ ಜಿಲ್ಲೆಗಳಲ್ಲೂ ಕಾಣುತ್ತಿದೆ. ನನ್ನ ನಿಲುವು ಸ್ಪಷ್ಟ: ದಾರಿ ಆ ಬಂಡೆಗೆ ಬರುವ ಮೊದಲೇ ತಿರುಗಬೇಕು. ನೋಟ ಬೇಕಾದವರಿಗೆ ಕೆಳಗಿನ ತಿರುವಿನಲ್ಲೇ ಮಧುಗಿರಿಯ ಕಡೆಯ ಗುಡ್ಡಗಳು ಕಾಣುತ್ತವೆ. ಊರಿನ ಆದಾಯಕ್ಕೆ ದಾರಿ ಹೊರಡುವ ಜಾಗದಲ್ಲಿ, ಕಾಡಿನ ಹೊರಗೆ, ರಾಗಿ ರೊಟ್ಟಿ, ಮಜ್ಜಿಗೆ, ಕಾಲಕ್ಕೆ ತಕ್ಕಂತೆ ಸೀತಾಫಲ ಮಾರುವ ಕಟ್ಟೆ ಇರಲಿ. ಜೊತೆಗೆ ನಡೆಯುವ ಮಾರ್ಗದರ್ಶಿಗಳು ಅಲ್ಲಿಯ ಯುವಕ ಯುವತಿಯರೇ ಆಗಿರಲಿ. ಅಜ್ಜಿ ಈ ವಿಷಯದಲ್ಲಿ ಇನ್ನೂ ಏನೂ ಹೇಳಿಲ್ಲ. ಬಂಡೆಯ ಆಚೆ ಮಗ್ಗುಲಿಗೆ ಜನ ಬರುವುದು ಅವರ ಮೇಕೆಗಳಿಗೂ ತೊಂದರೆಯೇ, ಆದರೆ ವೀಕ್ಷಣಾ ಕಟ್ಟೆ ಆದರೆ ಮೊಮ್ಮಗನಿಗೆ ಕೆಲಸ ಸಿಗಬಹುದೆಂಬ ಆಸೆಯೂ ಅವರಿಗಿದೆ. ಅವರ ಆ ಆಸೆಯನ್ನು ಪಕ್ಕಕ್ಕಿಟ್ಟು ನಾವು ನಗರದವರು ತೀರ್ಮಾನ ಮಾಡುವಂತಿಲ್ಲ.

ಮಳೆಗಾಲಕ್ಕೆ ಮೊದಲು ಕೆಳಗಿನ ಎರಡು ಕೊರಕಲುಗಳಿಗೆ ಕಲ್ಲಿನ ಅಡ್ಡಗಟ್ಟು ಹಾಕಬೇಕಾಗಿದೆ. ಮೇಲಿನಿಂದ ಶುರು ಮಾಡಿ ಕೆಳಕ್ಕೆ ಬರುವುದು ಕ್ರಮ. ಕೆಳಗೆ ಮೊದಲು ಕಟ್ಟಿದರೆ ಮೊದಲ ಮಳೆಗೇ ಹೂಳು ತುಂಬಿ ಕೊಚ್ಚಿಹೋಗುತ್ತದೆ. ಬಂಡೆಯ ಬಳಿ ದಾರಿ ತಿರುಗಬೇಕಾದ ಜಾಗವನ್ನು ಗಾರ್ಡ್, ಪಂಚಾಯಿತಿಯ ಸದಸ್ಯರು, ಅಜ್ಜಿ ಮತ್ತು ಅವರ ಮೊಮ್ಮಗನ ಜೊತೆ ನಡೆದು ನೋಡಿಯೇ ಗುರುತು ಮಾಡುವುದೆಂದು ಮಾತಾಗಿದೆ. ಕೆಲಸಕ್ಕೆ ಬರುವವರು ಗಟ್ಟಿ ಚಪ್ಪಲಿ ಅಥವಾ ಬೂಟು ಹಾಕಿಕೊಂಡು, ತಮ್ಮ ಊಟ, ನೀರು ತಂದರೆ ಸಾಕು. ಹಾರೆ, ಸಲಿಕೆ, ಬಾಣಲಿ ಊರಿನಲ್ಲಿವೆ.